ಟೆಸ್ಟರ್‌ನ ಎಂಟು ದೀಪಗಳೂ ಬೆಳಗಿದರೂ ಕ್ಯಾಟ್ 6ಎ ನೆಟ್‌ವರ್ಕ್ ಕೇಬಲ್ ಲಿಂಕ್ ಪ್ರಮಾಣೀಕರಣದಲ್ಲಿ ವಿಫಲವಾಗುವುದೇಕೆ?

ದೀಪ ಬೆಳಗುವ ಅಗ್ಗದ ಟೆಸ್ಟರ್ ತಿಳಿಸುವುದು ತಂತಿಗಳು ಒಂದು ತುದಿಯಿಂದ ಇನ್ನೊಂದಕ್ಕೆ ಮುಟ್ಟಿವೆ ಎಂಬುದನ್ನು ಮಾತ್ರ. 10 ಗಿಗಾಬಿಟ್ ಈಥರ್‌ನೆಟ್‌ಗೆ ಬಳಸುವ ಕ್ಯಾಟ್ 6ಎ ಲಿಂಕನ್ನು ಪ್ರಮಾಣೀಕರಣ ಉಪಕರಣವು 500 ಮೆಗಾಹರ್ಟ್ಸ್‌ವರೆಗೆ ಅಳೆಯುತ್ತದೆ; ಹೆಣೆದ ಒಂದು ಜೋಡಿ ತಂತಿಗಳ ಸಂಕೇತ ಪಕ್ಕದ ಜೋಡಿಗೆ ಎಷ್ಟು ಸೋರುತ್ತದೆ, ಅಂದರೆ ನೆಕ್ಸ್ಟ್, ಮತ್ತು ಎಷ್ಟು ಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ, ಅಂದರೆ ರಿಟರ್ನ್ ಲಾಸ್, ಎಂಬುವು ಅಲ್ಲಿ ನಿರ್ಣಾಯಕ.

ಇವೆರಡೂ ಹೆಚ್ಚಾಗಿ ಕೆಡುವುದು ಕನೆಕ್ಟರ್ ಬಳಿ. ಜ್ಯಾಕ್‌ಗೆ ಕೂರಿಸುವಾಗ ಜೋಡಿಯ ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಬಿಚ್ಚಿದರೆ ತಂತಿಗಳ ನಡುವಣ ಸಮತೋಲನ ತಪ್ಪಿ ಸೋರಿಕೆ ಏರುತ್ತದೆ. ಎರಡೂ ತುದಿಗಳಲ್ಲಿ ಒಂದೇ ರೀತಿ ಬೇರೆ ಬೇರೆ ಜೋಡಿಗಳ ತಂತಿಗಳನ್ನು ಅದಲುಬದಲು ಮಾಡಿದ ‘ಸ್ಪ್ಲಿಟ್ ಪೇರ್’ ಇನ್ನೂ ಮೋಸದ್ದು, ಏಕೆಂದರೆ ದೀಪಗಳು ಕ್ರಮವಾಗಿಯೇ ಬೆಳಗುತ್ತವೆ, ಆದರೆ ನೆಕ್ಸ್ಟ್ ಪರೀಕ್ಷೆಯಲ್ಲಿ ಲಿಂಕ್ ಸಂಪೂರ್ಣ ಸೋಲುತ್ತದೆ.

ಯಾವ ಪರೀಕ್ಷೆ ಆರಿಸಿದ್ದೀರಿ ಎಂಬುದನ್ನೂ ನೋಡಿ. ಗೋಡೆಯೊಳಗಿನ, ಗರಿಷ್ಠ 90 ಮೀಟರ್‌ನ ಸ್ಥಿರ ಭಾಗಕ್ಕೆ ‘ಪರ್ಮನೆಂಟ್ ಲಿಂಕ್’. ಸಾಧನಗಳಿಗೆ ಜೋಡಿಸುವ ಚಿಕ್ಕ ಕೇಬಲ್‌ಗಳು, ಅಂದರೆ ಪ್ಯಾಚ್ ಕಾರ್ಡ್‌ಗಳೂ ಸೇರಿದ 100 ಮೀಟರ್‌ಗೆ ‘ಚಾನೆಲ್’. ಚಾನೆಲ್‌ನ ಮಿತಿಗಳು ಸಡಿಲವಾಗಿರುವುದರಿಂದ ಕೆಲವು ಗುತ್ತಿಗೆದಾರರಿಗೆ ಅದೇ ಪ್ರಿಯ. ಹೊಸ ಕಟ್ಟಡದ ವೈರಿಂಗ್ ಒಪ್ಪಿಕೊಳ್ಳುವವರು ಪರ್ಮನೆಂಟ್ ಲಿಂಕ್ ವರದಿಯನ್ನೇ ಕೇಳುವುದು ಲೇಸು. ಉಪಕರಣದ ಅಡಾಪ್ಟರ್ ಸವೆದಿದ್ದರೂ ಫಲಿತಾಂಶ ಕೆಡುವುದರಿಂದ ಮೊದಲು ಅದನ್ನು ಬದಲಿಸಿ ನೋಡಿ. ಆಮೇಲೂ ವಿಫಲವಾದರೆ, ದೋಷದ ದೂರವನ್ನು ತೋರಿಸುವ ಗ್ರಾಫ್ ಬೊಟ್ಟುಮಾಡುವ ತುದಿಯ ಜ್ಯಾಕನ್ನು ಕತ್ತರಿಸಿ ಮತ್ತೆ ಕೂರಿಸಿ.