ಹಳೇ ಮನೆ ಮುಂದೆ ತೋಟವೂ ಇರಲಿ, ಕಾರೂ ನಿಲ್ಲಲಿ

ನಿಮ್ಮದು ನೂರು ವರ್ಷ ದಾಟಿದ ಮನೆ. ಎದುರಿನ ಜಾಗ 12 ಮೀಟರ್ ಅಗಲ, 8 ಮೀಟರ್ ಆಳ. ಎಡಕ್ಕೆ ಮನೆ ಪಕ್ಕದಲ್ಲೇ, ಕಾಂಪೌಂಡಿನೊಳಗೆ, 3 ಮೀಟರ್ ಅಗಲದ ಓಣಿ ಇದೆ. ಎರಡು ಕಾರು ನಿಲ್ಲಬೇಕು. ಗುತ್ತಿಗೆದಾರರು ಪೂರ್ತಿ ಕಾಂಕ್ರೀಟ್ ಹಾಕಿಬಿಡೋಣ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ದಯವಿಟ್ಟು ಒಪ್ಪಬೇಡಿ. ಹಳೇ ಮನೆಗಳ ಅಂಗಳ ಸರಿಮಾಡುವುದೇ ನನ್ನ ಕೆಲಸ. ಒಳ್ಳೆಯ ಮನೆಗಳು ಕಾಂಕ್ರೀಟಿನಿಂದ ಸೊರಗಿದ್ದನ್ನು ತುಂಬಾ ನೋಡಿದ್ದೇನೆ.

ಮೊದಲು ಮುಂಬಾಗಿಲಿಗೆ ಹೋಗುವ ಕಾಲುದಾರಿ ಗುರುತಿಸಿ, ಕಾರಿನ ಜಾಗ ಆಮೇಲೆ. ಆಗಿನ ಕಾಲದವರು ಮನೆ ಕಟ್ಟುವಾಗ ಗೇಟಿನಿಂದ ಬಾಗಿಲಿಗೆ ಜನ ನಡೆದು ಬರುತ್ತಾರೆ ಅಂತಲೇ ಎಲ್ಲ ಅಳತೆ ಇಟ್ಟಿದ್ದರು. ಆ ದಾರಿಗೆ 1.2 ಮೀಟರ್ ಅಗಲ ಕೊಡಿ, ಇಬ್ಬರು ಜೊತೆಗೆ ನಡೆಯಬಹುದು. ಅದು ಕಾರುಗಳ ನಡುವೆ ನುಸುಳುವ ಸಂದಿ ಆಗಬಾರದು. ಹೊಸದಾಗಿ ಹಾಕುವ ಮುಂಚೆ ಅಲ್ಲಿ ಒಂದು ಅಡಿ ಅಗೆದು ನೋಡಿ. ಹಳೇ ಕಲ್ಲಿನ ಹಾಸೋ ಹೆಂಚೋ ಮಣ್ಣಡಿ ಹಾಗೇ ಉಳಿದಿರುವುದು ಅಪರೂಪವೇನಲ್ಲ. ಸಿಕ್ಕರೆ ಬಣ್ಣ, ಅಳತೆ, ಅಂಚಿನ ವಿನ್ಯಾಸ ಎಲ್ಲಕ್ಕೂ ಅದೇ ಆಧಾರ. ಸಿಗದಿದ್ದರೆ ಅಕ್ಕಪಕ್ಕದಲ್ಲಿ ಅದೇ ಕಾಲದ, ಯಾರೂ ಕೈ ಹಾಕದ ಮನೆ ಹುಡುಕಿ.

ಇನ್ನು ಕಾರು. ನಿಲ್ಲಿಸಲು ಒಂದಕ್ಕೆ ಸುಮಾರು 2.4 ಮೀಟರ್ ಅಗಲ, 4.8 ಮೀಟರ್ ಉದ್ದ ಬೇಕು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಅರ್ಧ ಕಾಂಪೌಂಡ್ ಗೋಡೆ ಒಡೆಯಬೇಕು, ಕಿಟಕಿ ಎದುರಿಗೆ ಕಾರೇ ಕಾಣುತ್ತದೆ. ಎಡ ಅಂಚಿನಲ್ಲಿ 3 ಮೀಟರಿನ ಒಂದೇ ಗೇಟು ಇಟ್ಟು, ಒಂದರ ಹಿಂದೆ ಒಂದು ನಿಲ್ಲಿಸಿ. ಒಳಗಿನದು ಓಣಿಗೆ ಹೋಗಿ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ತೆಗೆಯಲು ಹೊರಗಿನದನ್ನು ಸರಿಸಬೇಕು, ಅದು ರಗಳೆಯೇ. ಆದರೂ ಬದಲಿಗೆ 9 ಮೀಟರ್ ಅಗಲದ ತೋಟ ಸಿಗುತ್ತದೆ ಅಲ್ವಾ? ನಾನಾದರೆ ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ. ಗೇಟಿಗಾಗಿ ಹಳೇ ಕಂಬ ಸರಿಸಬೇಕಾದರೆ ಮೊದಲು ಫೋಟೋ ತೆಗೆದು, ಕಲ್ಲುಗಳಿಗೆ ನಂಬರ್ ಹಾಕಿ, ಅದೇ ಕಲ್ಲಿನಲ್ಲಿ ಮತ್ತೆ ಕಟ್ಟಿಸಿ. ಹಳೆಯದು ಸುಣ್ಣದ ಗಾರೆಯಾಗಿದ್ದರೆ ಈಗಲೂ ಸುಣ್ಣವೇ ಇರಲಿ. ಸಿಮೆಂಟು ಗಟ್ಟಿ, ತೇವ ಹೊರಬಿಡುವುದಿಲ್ಲ. ಮೆತ್ತನೆಯ ಹಳೇ ಇಟ್ಟಿಗೆಯ ಮುಖ ಪದರ ಪದರವಾಗಿ ಏಳುತ್ತದೆ.

ಈಗ ನೀರಿನ ವಿಷಯ. ಕಾಂಕ್ರೀಟ್ ಬೇಡ ಅನ್ನಲು ನನ್ನ ದೊಡ್ಡ ಕಾರಣ ಇದೇ. ಹಳೇ ಮನೆಯ ಗೋಡೆ ತೇವ ಎಳೆದುಕೊಳ್ಳುತ್ತದೆ, ಹೊರಗೆ ಬಿಡುತ್ತದೆ. ಅದರ ಬುಡದವರೆಗೂ ಕಾಂಕ್ರೀಟ್ ಹಾಕಿದರೆ ನೆಲದ ತೇವಕ್ಕೆ ಆವಿಯಾಗಲು ಜಾಗವಿಲ್ಲ, ಗೋಡೆಯಲ್ಲೇ ಮೇಲೇರುತ್ತದೆ. ಹೊರಗಿನ ನೆಲ ಗೋಡೆಯ ತೇವ ತಡೆಯುವ ಪದರಕ್ಕಿಂತ ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು. ಆ ಪದರವೇ ಇಲ್ಲದಿದ್ದರೆ ಒಳಗಿನ ನೆಲದಿಂದ ಅಷ್ಟು ಕೆಳಗೆ. ಹಾಸಿನ ಮೇಲೆ ಹಾಸು ಹಾಕುತ್ತಾ ಹೋದ ಮನೆಗಳಲ್ಲಿ ಈ ಅಂತರವೇ ಮಾಯವಾಗಿರುತ್ತದೆ. ಹಾಗಾಗಿ ಹಳೇ ಪದರ ಅಗೆದು ತೆಗೆಯಿರಿ. ಸುಮಾರು 60ಕ್ಕೆ 1ರಷ್ಟು ವಾಟ ಮನೆಯಿಂದ ಹೊರಕ್ಕೆ ಇರಲಿ, ಆದರೆ ನೀರು ರಸ್ತೆಗೆ ಹೋಗದೆ ಗಿಡದ ಪಾತಿಗೆ ಇಂಗಲಿ. ಇಂಗ್ಲೆಂಡಿನಲ್ಲಿ 2008ರಿಂದ ಮನೆ ಮುಂದೆ 5 ಚದರ ಮೀಟರಿಗಿಂತ ಜಾಸ್ತಿ ನೀರು ಇಂಗದ ಹಾಸು ಹಾಕಿ, ನೀರನ್ನು ಹೊರಗೆ ಬಿಡುವುದಾದರೆ ಅನುಮತಿ ಬೇಕು. ನಿಮ್ಮಲ್ಲಿ ಏನು ನಿಯಮ, ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆಯೇ ಅಂತ ಮೊದಲೇ ವಿಚಾರಿಸಿ.

ಕಾರಿನ ದಾರಿಗೆ ಜಲ್ಲಿಯೇ ಚೆನ್ನ. ಕೆಳಗೆ 150 ಮಿಲಿಮೀಟರ್ ದಪ್ಪಕ್ಕೆ ಪುಡಿಯಿಲ್ಲದ ಒಡೆದ ಕಲ್ಲು ಹಾಕಿ ದಮ್ಮಸ್ಸು ಮಾಡಿಸಿ. ಅದರ ಮೇಲೆ ನೀರು ಇಳಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಮೇಲೆ ಜೇನುಗೂಡಿನಂಥ ಪ್ಲಾಸ್ಟಿಕ್ ಜಾಲರಿ, ಅದರೊಳಗೆ 10ರಿಂದ 20 ಮಿಲಿಮೀಟರಿನ ಜಲ್ಲಿ. ಗುಂಡಗಿನ ಕಲ್ಲು ಬೇಡ, ಚಕ್ರದಡಿ ಜಾರುತ್ತದೆ. ಮೂಲೆಗಳಿರುವ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಗೇಟಿನ ಒಳಗೆ ಒಂದೂವರೆ ಮೀಟರ್ ಮಾತ್ರ ಕಲ್ಲು ಹಾಸಿ, ಜಲ್ಲಿ ರಸ್ತೆಗೆ ಚೆಲ್ಲುವುದಿಲ್ಲ. ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿದ್ದರೆ ಕಾರಿನಿಂದ ಬಾಗಿಲಿನವರೆಗೆ ಗಟ್ಟಿ ಹಾಸು ಬೇಕೇ ಬೇಕು, ಜಲ್ಲಿಯಲ್ಲಿ ಚಕ್ರ ಹೂತುಹೋಗುತ್ತದೆ.

ಗಿಡಗಳಲ್ಲಿ ಕೈ ಬಿಗಿ ಇರಲಿ. ನಾಲ್ಕೈದು ಜಾತಿ ಸಾಕು, ಅವನ್ನೇ ಮತ್ತೆ ಮತ್ತೆ ನೆಡಿ. ಕಿಟಕಿ ಕೆಳಗಿನವು ಕಿಟಕಿಯ ಕೆಳಅಂಚು ದಾಟಬಾರದು. ಬಳ್ಳಿ ಬೇಕಾದರೆ ಗೋಡೆಯಿಂದ ಸ್ವಲ್ಪ ಈಚೆಗೆ ತಂತಿ ಕಟ್ಟಿ ಹಬ್ಬಿಸಿ. ದೊಡ್ಡ ಮರ ಗೋಡೆ ಹತ್ತಿರ ಬೇಡ. ಹಳೇ ಮನೆಗಳ ಪಾಯ ಎಷ್ಟೋ ಸಲ ಆಳವಿರುವುದಿಲ್ಲ, ಜೇಡಿಮಣ್ಣಿನಲ್ಲಿ ಬೇರು ನೀರು ಹೀರಿದರೆ ನೆಲ ಕುಗ್ಗಿ ಗೋಡೆ ಬಿರುಕು ಬಿಡುತ್ತದೆ. ಕಾರು ಹಿಂದಕ್ಕೆ ತೆಗೆಯುವಾಗ ರಸ್ತೆ ಕಾಣಬೇಕು, ಹಾಗಾಗಿ ಗೇಟಿನ ಪಕ್ಕ 2 ಮೀಟರ್ ವರೆಗೆ 60 ಸೆಂಟಿಮೀಟರಿಗಿಂತ ಗಿಡ್ಡ ಗಿಡಗಳನ್ನೇ ಹಾಕಿ.

ಗುತ್ತಿಗೆದಾರರು ಬರುವ ಮುಂಚೆ ಗೂಟ ಹೊಡೆದು, ಹಗ್ಗ ಕಟ್ಟಿ ಇದೆಲ್ಲವನ್ನೂ ನೆಲದ ಮೇಲೆ ಗುರುತು ಮಾಡಿ. ಒಂದು ವಾರ ಆ ಹಗ್ಗದೊಳಗೇ ಕಾರು ನಿಲ್ಲಿಸಿ, ಕಾರಿನ ಬಾಗಿಲು ಪೂರ್ತಿ ತೆಗೆದು ಸಾಮಾನು ಇಳಿಸಿ ನೋಡಿ. ಮುಂದೆ ದೀಪಕ್ಕೆ, ಕಾರ್ ಚಾರ್ಜಿಂಗಿಗೆ ವೈರು ಎಳೆಯಬೇಕಾಗಬಹುದು, ಜಲ್ಲಿ ಹಾಕುವ ಮುಂಚೆಯೇ ಅಡಿಯಲ್ಲಿ ಎರಡು ಖಾಲಿ ಪೈಪು ಹೂಳಿಸಿಡಿ.