ಯುವಕರಿಗೆ ರಸ್ತೆ ಸುರಕ್ಷತೆ ಹೇಳಿಕೊಡುವುದು ಹೇಗೆ? ಹೆದರಿಸಬೇಡಿ, ಅಳೆದು ತೋರಿಸಿ

ಕಾಲೇಜು ಮಕ್ಕಳಿಗೆ ರಸ್ತೆ ಸುರಕ್ಷತೆಯ ಕಾರ್ಯಕ್ರಮ ಮಾಡಬೇಕು, ಬೈಕು ಕಾರು ಓಡಿಸುವವರು, ಸೈಕಲ್‌ನವರು, ನಡೆದು ಬರುವವರು ಎಲ್ಲರೂ ಇರುತ್ತಾರೆ, ಉಪದೇಶ ಅಂದ ಕೂಡಲೇ ಫೋನ್ ತೆಗೆಯುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇಂಥ ಕಾರ್ಯಕ್ರಮಗಳನ್ನು ಬಹಳ ಕಾಲದಿಂದ ನಡೆಸುತ್ತಾ ಬಂದಿದ್ದೇನೆ. ನನ್ನ ಮಟ್ಟಿಗೆ ಕೆಲಸ ಮಾಡಿದ್ದನ್ನು ಹೇಳುತ್ತೇನೆ.

ಮೊದಲಿಗೆ, ಅಪಘಾತದ ಫೋಟೋ, ವಿಡಿಯೋ ತೋರಿಸಲೇಬೇಡಿ. ಅವತ್ತು ಸಂಜೆವರೆಗೆ ಭಯ ಇರುತ್ತದೆ, ಆಮೇಲೆ ‘ನನಗೇನೂ ಆಗಲ್ಲ’ ಅನ್ನುವುದೇ ಗೆಲ್ಲುತ್ತದೆ. ಅದೂ ಅಲ್ಲದೆ, ಮನೆಯವರನ್ನು ರಸ್ತೆಯಲ್ಲಿ ಕಳೆದುಕೊಂಡವರು ಅಲ್ಲೇ ಕೂತಿರಬಹುದು.

ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ. ಉದ್ದದ ಅಳತೆ ಟೇಪು, ಸ್ವಲ್ಪ ಸುಣ್ಣದ ಪುಡಿ ಸಾಕು. ಒಂದು ಗೆರೆ ಎಳೆದು ಕೇಳಿ: ‘ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರ್ತಿದ್ದೀರಿ, ಈ ಗೆರೆ ಹತ್ತಿರ ಇರುವಾಗ ಮುಂದೆ ಮಗು ಅಡ್ಡ ಬಂತು. ಗಾಡಿ ಎಲ್ಲಿ ನಿಲ್ಲುತ್ತೆ? ಅಲ್ಲಿ ಹೋಗಿ ನಿಂತ್ಕೊಳ್ಳಿ.’ ಜಾಸ್ತಿ ಜನ ಗೆರೆಯ ಹತ್ತಿರದಲ್ಲೇ ನಿಲ್ಲುತ್ತಾರೆ. ಆಮೇಲೆ ಟೇಪು ಹಿಡಿಯಿರಿ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬರಲು ಎಚ್ಚರವಾಗಿರುವವರಿಗೂ ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಬ್ರೇಕು ಹಿಡಿದ ಮೇಲೆ, ಒಣಗಿದ ಒಳ್ಳೆ ರಸ್ತೆಯಲ್ಲೂ ಇನ್ನೊಂದು 14 ಮೀಟರ್. ಒಟ್ಟು 28. ಮಳೆ ಬಂದಿದ್ದರೆ ಇನ್ನೂ ಮುಂದೆ.

ಈಗ 30 ಕಿಲೋಮೀಟರ್ ವೇಗಕ್ಕೆ ಅದೇ ಲೆಕ್ಕ ಮಾಡಿಸಿ. 8 ಮೀಟರ್, ಆಮೇಲೆ 5 ಮೀಟರ್. 13 ಮೀಟರಿಗೆ ಗಾಡಿ ಪೂರ್ತಿ ನಿಂತಿತು. ಆ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ ಕೇಳಿ, 50ರಲ್ಲಿ ಬಂದ ಗಾಡಿ ಇಲ್ಲಿ ಎಷ್ಟು ವೇಗದಲ್ಲಿರುತ್ತೆ? ಪೂರ್ತಿ 50ರಲ್ಲೇ! ಬ್ರೇಕು ಇನ್ನೂ ಹಿಡಿದೇ ಇಲ್ಲ. ‘ಲೆಕ್ಕ ತಪ್ಪು, ನನ್ನ ಗಾಡಿ ಬ್ರೇಕು ಚೆನ್ನಾಗಿದೆ’ ಅಂತ ವಾದ ಮಾಡುವವರು ಇದ್ದೇ ಇರುತ್ತಾರೆ. ಮಾಡಲಿ. ಟೇಪನ್ನು ಅವರ ಕೈಗೇ ಕೊಡಿ. ಫೋನಿನ ವಿಷಯಕ್ಕೂ ಇದೇ ಗೆರೆ ಸಾಕು. ಎರಡು ಸೆಕೆಂಡು ಮೆಸೇಜ್ ನೋಡಿದರೆ ಅದೇ 28 ಮೀಟರ್ ಕಣ್ಣು ಮುಚ್ಚಿಕೊಂಡು ಹೋದ ಹಾಗೆ.

ಸೈಕಲ್‌ನವರಿಗೂ ನಡೆಯುವವರಿಗೂ ನಾನು ತಪ್ಪದೆ ಮಾಡಿಸುವುದು ಲಾರಿಯ ಪಾಠ. ಪರಿಚಯದ ಡ್ರೈವರ್ ಒಬ್ಬರನ್ನು ಕೇಳಿ ಲಾರಿ ತರಿಸಿ. ಎಂಜಿನ್ ಆಫ್ ಆಗಿರಲಿ, ಕೀ ಡ್ರೈವರ್ ಕೈಯಲ್ಲೇ ಇರಲಿ. ಒಬ್ಬ ಹುಡುಗ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ನೋಡಲಿ, ಉಳಿದವರು ಲಾರಿಯ ಪಕ್ಕ, ಮುಂದೆ, ಹಿಂದೆ ನಿಲ್ಲಲಿ. ಡ್ರೈವರ್ ಕೂರದ ಕಡೆಯ ಬಾಗಿಲ ಪಕ್ಕದಲ್ಲೂ ಬಂಪರಿಗೆ ಅಂಟಿದಂತೆ ಮುಂದೆಯೂ ಸೈಕಲ್ ಸಮೇತ ಒಬ್ಬರು ಕಾಣದೇ ಹೋಗಬಹುದು. ಜೊತೆಗೆ ಇದನ್ನೂ ಹೇಳಿ: ಲಾರಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ತಿರುವಿನ ಒಳಕ್ಕೆ ಸರಿಯುತ್ತದೆ. ಸಿಗ್ನಲ್ಲಿನಲ್ಲಿ ಪಕ್ಕದ ಸಂದಿಯಲ್ಲಿ ನುಗ್ಗಿ ನಿಂತವರು ಸಿಕ್ಕಿಕೊಳ್ಳುವುದು ಅಲ್ಲೇ. ಸೀಟಿನಿಂದ ಇಳಿದವರ ಮುಖ ನೋಡಿದರೆ ಸಾಕು, ಅರ್ಥ ಆಗಿರುತ್ತದೆ.

ರಾತ್ರಿ ಓಡಾಡುವವರಿಗೆ ಗಾಡಿಯ ಬೆಳಕು ಬಿದ್ದಾಗ ಮಿನುಗುವ ಪಟ್ಟಿಯನ್ನು ಕಾಲಿಗೆ ಕಟ್ಟಿಕೊಳ್ಳಲು ಹೇಳಿ. ಮೇಲೆ ಕೆಳಗೆ ಆಡುವ ಕಾಲು ಕಂಡರೆ ಅದು ಮನುಷ್ಯ ಅಂತ ಬೇಗ ಗೊತ್ತಾಗುತ್ತದೆ.

ಇನ್ನು ಗೆಳೆಯರ ವಿಷಯ. ಕಾರಿನ ತುಂಬ ಓರಗೆಯವರಿದ್ದರೆ ಎಳೆ ವಯಸ್ಸಿನ ಚಾಲಕರ ಅಪಾಯ ಹೆಚ್ಚುತ್ತದೆ. ನ್ಯೂಜಿಲೆಂಡ್ 1987ರಲ್ಲೇ ಹೊಸಬರಿಗೆ ಹಂತ ಹಂತದ ಲೈಸೆನ್ಸ್ ತಂದು, ರಾತ್ರಿ ಓಡಿಸುವುದಕ್ಕೂ ಜನರನ್ನು ಕೂರಿಸಿಕೊಳ್ಳುವುದಕ್ಕೂ ಮಿತಿ ಹಾಕಿತು. ಹಾಗಾಗಿ ಹಿಂದೆ ಕೂರುವವರ ಜೊತೆಗೂ ಮಾತಾಡಿ. ‘ನಿಧಾನ ಹೋಗೋ, ನನಗೆ ಭಯ ಆಗ್ತಿದೆ’, ‘ಫೋನ್ ಕೊಡು, ನಾನು ನೋಡಿ ಹೇಳ್ತೀನಿ’. ಇಂಥ ಮಾತನ್ನು ಜೋಡಿ ಜೋಡಿಯಾಗಿ ಬಾಯಿಬಿಟ್ಟು ಹೇಳಿಸಿ. ಗೆಳೆಯನಿಗೆ ಹೀಗೆ ಹೇಳಲು ಸಂಕೋಚ ಆಗುತ್ತೆ ಅಲ್ವಾ? ಒಂದು ಸಲ ಹೇಳಿದ್ದರೆ ಮುಂದೆ ನಾಲಿಗೆ ತಡವರಿಸುವುದಿಲ್ಲ.

ಆದರೆ ಎಲ್ಲ ಹೊರೆಯನ್ನೂ ಈ ಮಕ್ಕಳ ಮೇಲೆ ಹಾಕಬೇಡಿ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಸ್ತೆಯಲ್ಲಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಡೆಯುವವರು, ಸೈಕಲ್‌ನವರು, ಬೈಕಿನವರು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗದಂತೆ ರಸ್ತೆ ಇರಬೇಕು ಅಂತ ಸ್ವೀಡನ್ 1997ರಲ್ಲೇ ನೀತಿ ಮಾಡಿತು. ನನಗೆ ಇದು ನೂರಕ್ಕೆ ನೂರು ಸರಿ ಅನ್ನಿಸುತ್ತದೆ.

ಅದಕ್ಕೇ ಕೊನೆಯ ಅರ್ಧ ಗಂಟೆಯನ್ನು ಅವರಿಗೇ ಬಿಡಿ. ದಿನಾ ಬರುವ ದಾರಿಯಲ್ಲಿ ಎಲ್ಲಿ ಫುಟ್‌ಪಾತ್ ಇಲ್ಲ, ಎಲ್ಲಿ ಜೀಬ್ರಾ ಪಟ್ಟೆ ಅಳಿಸಿದೆ, ಎಲ್ಲಿ ನಿಲ್ಲಿಸಿದ ಗಾಡಿಗಳಿಂದ ದಾಟುವವರು ಕಾಣುವುದಿಲ್ಲ ಎಂದು ದೊಡ್ಡ ಹಾಳೆಯಲ್ಲಿ ಗುರುತು ಹಾಕಲಿ. ಜಾಗ, ಹೊತ್ತು, ತೊಂದರೆ ಬರೆದು ಫೋಟೋ ಸೇರಿಸಿ ರಸ್ತೆ ನೋಡಿಕೊಳ್ಳುವ ಕಚೇರಿಗೆ ಅವರೇ ಕೊಟ್ಟು ಬರಲಿ. ಕೊಟ್ಟಿದ್ದಕ್ಕೆ ಸಹಿ ಮಾಡಿದ ಪ್ರತಿ ತೆಗೆದುಕೊಳ್ಳಲು ಮರೆಯದಿರಲಿ. ತಿಂಗಳಾದ ಮೇಲೆ ಹೋಗಿ ವಿಚಾರಿಸಲು ಅದು ಬೇಕಾಗುತ್ತದೆ.