ಸಿನಿಮಾ ಮೊದಲೋ, ಪುಸ್ತಕ ಮೊದಲೋ?

ಪ್ರಶ್ನೆ: ‘ಸಂಸ್ಕಾರ’ ಚಲನಚಿತ್ರವನ್ನು ನೋಡಿದ ಮೇಲೆ ಅನಂತಮೂರ್ತಿಯವರ ಕಾದಂಬರಿಯನ್ನು ಕೈಗೆತ್ತಿಕೊಂಡಿದ್ದೇನೆ. ಪ್ರಾಣೇಶಾಚಾರ್ಯರ ಹೆಸರು ಬಂದಾಗಲೆಲ್ಲ ಆ ಪಾತ್ರ ಮಾಡಿದ ಗಿರೀಶ ಕಾರ್ನಾಡರ ಮುಖವೇ ಕಣ್ಣೆದುರು ನಿಲ್ಲುತ್ತದೆ. ಮೊದಲು ಪುಸ್ತಕವನ್ನೇ ಓದಬೇಕಿತ್ತೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮುಖ ನಿಂತರೆ ನಿಲ್ಲಲಿ ಬಿಡಿ, ಓದಿಗೆ ಅದರಿಂದ ದೊಡ್ಡ ನಷ್ಟವೇನಿಲ್ಲ. ಕಾದಂಬರಿ ಪ್ರಕಟವಾದದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ಚಿತ್ರ ಬಂದದ್ದು 1970ರಲ್ಲಿ. ಚಿತ್ರಕಥೆಯನ್ನು ಬರೆದವರೂ ಕಾರ್ನಾಡರೇ ಆದ್ದರಿಂದ, ನಿಮ್ಮನ್ನು ಕಾಡುತ್ತಿರುವ ಆ ಮುಖ ಕೃತಿಗೆ ತೀರ ಹೊರಗಿನದಲ್ಲ.

ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಶವ ಮನೆಯೊಳಗೆ ಕೊಳೆಯುತ್ತಿರುವುದು, ಸಂಸ್ಕಾರವಾಗುವವರೆಗೆ ಅಗ್ರಹಾರದವರು ಊಟವಿಲ್ಲದೆ ಕಾಯುವುದು, ಅವನ ಜೊತೆ ಬಾಳಿದ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಆಚಾರ್ಯರ ಮುಂದಿಡುವುದು, ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳಾದ್ದರಿಂದ ಕ್ಯಾಮೆರಾಕ್ಕೆ ಸುಲಭವಾಗಿ ಒದಗುತ್ತವೆ. ಆದರೆ ಮೇಳಿಗೆಯ ಜಾತ್ರೆಯಲ್ಲಿ ದಾರಿಯಲ್ಲಿ ಜೊತೆಯಾದ ಪುಟ್ಟನೊಂದಿಗೆ ಅಲೆಯುವ ಆಚಾರ್ಯರು, ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕುಳಿತು, ಯಾರಾದರೂ ಗುರುತು ಹಿಡಿದಾರೆಂದು ಒಳಗೊಳಗೇ ನಡುಗುವ ಭಾಗವನ್ನು ನಿಧಾನವಾಗಿ ಓದಿ ನೋಡಿ. ಅಲ್ಲಿ ಹೊರಗೆ ನಡೆಯುವುದು ಕೇವಲ ಒಂದು ಊಟ. ಕಥೆಯೆಲ್ಲ ಆ ಮನಸ್ಸಿನ ತರ್ಕದಲ್ಲಿ, ಅದು ತನ್ನನ್ನೇ ಮರೆಮಾಚಿಕೊಳ್ಳುವ ರೀತಿಯಲ್ಲಿ ಇದೆ. ಎಷ್ಟೇ ಸಮರ್ಥ ನಟನ ಮುಖವೂ ಅಷ್ಟನ್ನು ಹೇಳಲಾರದು.

ಪತ್ತೇದಾರಿ ಕಾದಂಬರಿಯಾಗಿದ್ದರೆ ಪುಸ್ತಕವನ್ನೇ ಮೊದಲು ಓದಿ ಎನ್ನುತ್ತಿದ್ದೆ, ಏಕೆಂದರೆ ಕೊಲೆಗಾರ ಯಾರೆಂದು ತಿಳಿದ ಮೇಲೆ ಅಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ‘ಸಂಸ್ಕಾರ’ಕ್ಕೆ ಆ ಭಯವಿಲ್ಲ: ಅದರ ಕೊನೆಯ ಪುಟದಲ್ಲೂ ಆಚಾರ್ಯರು ಅಗ್ರಹಾರವನ್ನು ತಲುಪಿರುವುದಿಲ್ಲ.